ತೆರೆದ ಕಾರಿಗೆ ಯಾವ ಎಂಜಿನ್?



ಈ ಸ್ಟುಡಿಯೋದಲ್ಲಿ ನನ್ನ ಜಾಗ ಸಾಮಾನ್ಯವಾಗಿ ಗಾಜಿನ ಆಚೆಗಿನ ಕಂಟ್ರೋಲ್ ರೂಮಿನಲ್ಲಿ. ಭಾಷಣಕಾರರಿಗೆ ‘ಇನ್ನು ಎರಡೇ ನಿಮಿಷ’ ಎಂದು ಸನ್ನೆ ಮಾಡಿಸುವವನು ನಾನು. ಹಳೆಯ ಮೋಟಾರು ಗಾಡಿಗಳ ಬಗ್ಗೆಯೂ ಒಂದು ಭಾಷಣ ಇರಲಿ ಎಂದು ಸೂಚಿಸಿದ ತಪ್ಪಿಗೆ, ‘ಹಾಗಾದರೆ ನೀವೇ ಮಾತಾಡಿ’ ಎಂದು ಸಹೋದ್ಯೋಗಿಗಳು ನನ್ನನ್ನು ಈ ಕುರ್ಚಿಗೆ ತಂದು ಕೂರಿಸಿದ್ದಾರೆ.

ವಿಷಯ ಇಷ್ಟು. ಒಬ್ಬರಿಗೆ ಹಳೆಯ ಕಾಲದ ಓಪನ್ ಕಾರೊಂದನ್ನು ಕೊಳ್ಳಬೇಕೆಂಬ ಆಸೆ. ನೋಡಲು ಒಂದೇ ತೆರನಾದ ಗಾಡಿ, ಆದರೆ ಬಾನೆಟ್ ಎತ್ತಿದರೆ ಒಂದರಲ್ಲಿ ಒಂದು ಎಂಜಿನ್, ಇನ್ನೊಂದರಲ್ಲಿ ಇನ್ನೊಂದು. ಯಾವುದನ್ನು ಆರಿಸಬೇಕು? ಬಣ್ಣ, ಸೀಟಿನ ಬಟ್ಟೆ, ಬಂಪರಿನ ಹೊಳಪು ಇವೆಲ್ಲವನ್ನೂ ಕೊಂಡ ಮೇಲೆ ನಿಧಾನವಾಗಿ ಸರಿಮಾಡಿಕೊಳ್ಳಬಹುದು. ಎಂಜಿನ್ನಿನ ವಿಷಯದಲ್ಲಿ ಎಡವಿದರೆ ಹಣವೂ ಹೋಯಿತು, ಗಾಡಿಯೂ ಶೆಡ್ಡಿನಲ್ಲಿ ಉಳಿಯಿತು. ಇದು ಸಾಹುಕಾರರ ಶೋಕಿ, ನಮಗೇಕೆ ಎಂದು ದಯವಿಟ್ಟು ಚಾನೆಲ್ ಬದಲಾಯಿಸಬೇಡಿ. ನಾನು ಹೇಳಹೊರಟಿರುವುದು ನನ್ನ ಚಿಕ್ಕಪ್ಪನ ಕಥೆ. ಅವರು ಜಾಲಹಳ್ಳಿಯ ಎಚ್.ಎಂ.ಟಿ. ಕಾರ್ಖಾನೆಯ ಟೂಲ್ ರೂಮಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ವಯಸ್ಸು 72. ಹೆಸರಘಟ್ಟದಲ್ಲಿ ಮನೆ, ಮನೆಯ ಹಿಂದೆ ಹತ್ತು ತೆಂಗಿನ ಮರ, ಒಂದು ಪುಟ್ಟ ಲೇತು. ಬ್ಯಾಂಕಿನಲ್ಲಿ ಆರು ಲಕ್ಷದ ಒಂದು ಠೇವಣಿ. ಆ ಠೇವಣಿ ಚಿಕ್ಕಮ್ಮನ ಎರಡೂ ಮೊಣಕಾಲುಗಳ ಆಪರೇಷನ್ನಿಗೆಂದು ತೆಗೆದಿರಿಸಿದ್ದು.

ಹೆಸರಘಟ್ಟ ಎಂದೊಡನೆ ಅನೇಕರಿಗೆ ಕೆರೆ ನೆನಪಾಗುತ್ತದೆ, ಹುಲ್ಲುಗಾವಲು ನೆನಪಾಗುತ್ತದೆ. ನಮ್ಮ ವೃತ್ತಿಯವರಿಗೆ ಅಲ್ಲಿನ ಚಿತ್ರೀಕರಣ ನೆನಪಾಗುತ್ತದೆ. ಎಂಜಿನ್ ಕೂಡ ಆ ಸೀಮೆಗೆ ಹೊಸದಲ್ಲ. 1894ರಲ್ಲಿ ಅರ್ಕಾವತಿಗೆ ಅಡ್ಡಲಾಗಿ ಕಟ್ಟಿದ ಕೆರೆಯ ನೀರು ಇಟ್ಟಿಗೆಯ ಕಾಲುವೆಯಲ್ಲಿ ಸೋಲದೇವನಹಳ್ಳಿಗೆ ಹರಿದುಬಂದು, ಅಲ್ಲಿಂದ ಉಗಿಯಂತ್ರಗಳ ಬಲದಿಂದ ಬೆಂಗಳೂರಿಗೆ ಏರಿತು. ಚಿಕ್ಕಪ್ಪ ಈ ಸಂಗತಿಯನ್ನು ಮನೆಗೆ ಬಂದವರಿಗೆಲ್ಲ ಹೇಳುತ್ತಾರೆ. ಎತ್ತರ ಎಷ್ಟು, ನೀರು ಎಷ್ಟು ಎಂದು ಮೊದಲು ಲೆಕ್ಕ ಹಾಕಿ, ಆಮೇಲೆ ಅದಕ್ಕೆ ತಕ್ಕ ಎಂಜಿನ್ ತರಿಸಿದರು, ಎಂಜಿನ್ ಕೊಂಡು ತಂದು ಆಮೇಲೆ ಬೆಟ್ಟ ಹುಡುಕಲಿಲ್ಲ ಎಂಬುದು ಅವರ ವ್ಯಾಖ್ಯಾನ. ಹೀಗೆ ಮಾತಾಡುವವರೇ ತಮ್ಮ ಕಾರಿನ ವಿಷಯ ಬಂದಾಗ ಆ ಮಾತನ್ನು ಮರೆತರು. ನಾನೂ ಮರೆತೆ.

ಅವರಿಗೆ ಬೇಕಿದ್ದದ್ದು ಸ್ಟ್ಯಾಂಡರ್ಡ್ ಹೆರಾಲ್ಡ್. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಧಿಕಾರಿಯೊಬ್ಬರು ಅದರಲ್ಲಿ ಬಂದಿಳಿಯುತ್ತಿದ್ದುದನ್ನು ನೋಡಿದ ಆಸೆ ಅದು, ಐವತ್ತು ವರ್ಷ ಹಳೆಯದು. ಕಿರಿಯ ವೀಕ್ಷಕರಿಗಾಗಿ ಸ್ವಲ್ಪ ವಿವರಿಸುತ್ತೇನೆ. ಇಂಗ್ಲೆಂಡಿನ ಕೊವೆಂಟ್ರಿ ನಗರದಲ್ಲಿ 1959ರಲ್ಲಿ ಟ್ರಯಂಫ್ ಹೆರಾಲ್ಡ್ ಎಂಬ ಕಾರು ಹುಟ್ಟಿತು. 1961ರಿಂದ ಮದರಾಸಿನ ಸ್ಟ್ಯಾಂಡರ್ಡ್ ಕಂಪನಿ ಅದನ್ನೇ ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಹೆಸರಿನಲ್ಲಿ ನಮ್ಮಲ್ಲಿ ತಯಾರಿಸಿತು. ಅಂಬಾಸಿಡರ್ ಮತ್ತು ಫಿಯೆಟ್‌ಗಳ ನಡುವೆ ಇದೊಂದು ಚೆಲುವಾದ ಗಾಡಿ. ಇದರ ಬಾನೆಟ್ ಬೇರೆ ಗಾಡಿಗಳಂತೆ ಅರ್ಧ ಬಾಯಿ ತೆರೆಯುವುದಿಲ್ಲ. ರೆಕ್ಕೆಗಳ ಸಮೇತ ಇಡೀ ಮೂತಿಯೇ ಮುಂದಕ್ಕೆ ಬಾಗುತ್ತದೆ. ಮುಂದಿನ ಚಕ್ರದ ಮೇಲೆಯೇ ಕುಳಿತು ಎಂಜಿನ್ ಕೆಲಸ ಮಾಡಬಹುದು. ಬಾಡಿಯ ಕೆಳಗೆ ಪ್ರತ್ಯೇಕವಾದ ಚಾಸಿ ಇದೆ, ಮೇಲಿನ ಛಾವಣಿ ಬೋಲ್ಟುಗಳಿಂದ ನಿಂತಿದೆ. ಛಾವಣಿ ಬಿಚ್ಚಿ ಕ್ಯಾನ್ವಾಸಿನ ಹುಡ್ ಹಾಕಿಸಿಕೊಂಡು ಹೆರಾಲ್ಡನ್ನು ಓಪನ್ ಕಾರು ಮಾಡಿಕೊಂಡವರು ಇರುವುದು ಈ ಕಾರಣದಿಂದ. ಇದೇ ಚಾಸಿಯನ್ನು ಮೊಟಕುಗೊಳಿಸಿ ಟ್ರಯಂಫ್ ಕಂಪನಿ 1962ರಲ್ಲಿ ಸ್ಪಿಟ್‌ಫೈರ್ ಎಂಬ ಎರಡು ಸೀಟಿನ ಸ್ಪೋರ್ಟ್ಸ್ ಕಾರನ್ನು ಹೊರತಂದಿತು. ಹೆರಾಲ್ಡ್ ಅಣ್ಣನಾದರೆ ಸ್ಪಿಟ್‌ಫೈರ್ ತಮ್ಮ. ತಮ್ಮನ ಸುದ್ದಿಗೆ ಆಮೇಲೆ ಬರುತ್ತೇನೆ.

ಚಿಕ್ಕಪ್ಪ ಎರಡು ಹೆರಾಲ್ಡುಗಳನ್ನು ಪತ್ತೆ ಹಚ್ಚಿದ್ದರು. ಎರಡೂ 1960ರ ದಶಕದವು, ಎರಡೂ ಓಪನ್. ಒಂದು ರಾಜಾನುಕುಂಟೆಯ ಕಡೆ ತೋಟದ ಮನೆಯೊಂದರಲ್ಲಿ ಧೂಳು ಹೊದ್ದು ನಿಂತಿತ್ತು. ಮೂಲದ 948 ಸಿಸಿ ಎಂಜಿನ್, ನೀಲಿ ಹೊಗೆ, ಬೆಲೆ ಎರಡು ಮುಕ್ಕಾಲು ಲಕ್ಷ. ಇನ್ನೊಂದು ಆರ್.ಟಿ. ನಗರದಲ್ಲಿ, ಕುಂಕುಮದ ಬಣ್ಣ, ಕನ್ನಡಿಯಂಥ ಪಾಲಿಷ್. ಅದರೊಳಗೆ ಮಾರುತಿ ಜಿಪ್ಸಿಯ 1298 ಸಿಸಿ ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂರಿಸಿದ್ದರು. ಬೆಲೆ ಐದು ಕಾಲು ಲಕ್ಷ. ಕೀಲಿ ತಿರುಗಿಸಿದರೆ ಒಂದೇ ಏಟಿಗೆ ಸ್ಟಾರ್ಟು. ‘ನೀನು ಬಿಎಸ್ಸಿ ಓದಿದವನು, ಬಂದು ನೋಡಿ ಹೇಳು’ ಎಂದು ನನಗೆ ಫೋನು ಬಂತು.

ನಾನು ಭೌತಶಾಸ್ತ್ರ ಓದಿದವನು ನಿಜ. ಕೆಂಪು ಗಾಡಿ ನೋಡಿದೊಡನೆ ನನ್ನ ವಿದ್ಯೆಯೆಲ್ಲ ಅದರ ಪರವಾಗಿ ನಿಂತಿತು. ಹಳೆಯ ಹೆರಾಲ್ಡ್ ಎಂಜಿನ್ ಪೂರ್ತಿ ಬೀಡು ಕಬ್ಬಿಣ, ಜಿಪ್ಸಿಯದು ಅಲ್ಯುಮಿನಿಯಂ, ಆದ್ದರಿಂದ ಹಗುರ. ಹಳೆಯದು ಹೊಸದಾಗಿದ್ದಾಗಲೇ ಕೊಡುತ್ತಿದ್ದದ್ದು ಸುಮಾರು 35 ಅಶ್ವಶಕ್ತಿ, ಜಿಪ್ಸಿಯದು 80. ಹಳೆಯದಕ್ಕೆ ಕಾರ್ಬೊರೇಟರ್, ಇದಕ್ಕೆ ಇಂಜೆಕ್ಷನ್. ಅಲ್ಲದೆ ನಮ್ಮ ಹೆಸರಘಟ್ಟ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ. ಇಲ್ಲಿ ಗಾಳಿಯ ಸಾಂದ್ರತೆ ಶೇಕಡಾ 8ರಷ್ಟು ಕಡಿಮೆ. ಎಂಜಿನ್ ಉಸಿರಾಡುವುದು ಗಾಳಿಯನ್ನೇ ಆದ್ದರಿಂದ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಕಡಿಮೆ. ನಂದಿಬೆಟ್ಟದ ತುದಿಯಲ್ಲಿ, 1478 ಮೀಟರಿನಲ್ಲಿ, ನಷ್ಟ ಇನ್ನೂ ಹೆಚ್ಚು. 35ರಲ್ಲಿ ಅಷ್ಟು ಹೋದರೆ ಉಳಿಯುವುದೆಷ್ಟು? ಇದನ್ನೆಲ್ಲ ನಾನು ಗಟ್ಟಿಯಾಗಿಯೇ ಹೇಳಿದೆ. ಚಿಕ್ಕಪ್ಪ ಖುಷಿಯಾದರು. ಮರುದಿನ ಠೇವಣಿ ಮುರಿಯಲು ಬ್ಯಾಂಕಿಗೆ ಹೋಗುವುದೆಂದು ನಿಶ್ಚಯವಾಯಿತು. ಚಿಕ್ಕಮ್ಮನಿಗೆ ಆ ಮಾತು ಕೇಳಿಸಿತೋ ಇಲ್ಲವೋ, ಅವರು ಕಾಫಿ ಲೋಟ ಇಟ್ಟು ಗೋಡೆ ಹಿಡಿದುಕೊಂಡು ಒಳಗೆ ಹೋದರು.

ಹೋಗುವ ಮೊದಲು ಒಂದು ಸುತ್ತು ಓಡಿಸಿ ನೋಡೋಣ ಎಂದು ಮಾಲೀಕರು ಕೆಂಪು ಗಾಡಿಯನ್ನು ಹೆಸರಘಟ್ಟಕ್ಕೇ ತಂದರು. ಚಿಕ್ಕಪ್ಪ ಸ್ಟಿಯರಿಂಗ್ ಹಿಡಿದರು, ನಾನು ಪಕ್ಕದಲ್ಲಿ ಕುಳಿತೆ. ಶಿವಕೋಟೆಯ ಕಡೆಗೆ ಹೋಗುವ ದಾರಿ. ಅಕ್ಸಲರೇಟರ್ ಒತ್ತಿದ ಕೂಡಲೇ ಗಾಡಿ ಹಾರಿತು. 72 ವರ್ಷದ ಮನುಷ್ಯ ಹುಡುಗನ ಹಾಗೆ ನಕ್ಕರು. ಮೀಟರು 70 ತೋರಿಸುತ್ತಿತ್ತು. ಎಡ ತಿರುವು ಬಂತು, ತಿರುವಿನ ನಡುವೆ ಒಂದು ಎಮ್ಮೆ. ಚಿಕ್ಕಪ್ಪ ಅಕ್ಸಲರೇಟರಿನಿಂದ ಕಾಲು ತೆಗೆದು ಬ್ರೇಕ್ ಮುಟ್ಟಿದರು. ಗಾಡಿಯ ಹಿಂಭಾಗ ಎದ್ದಂತಾಗಿ, ಬಾಲ ಬಲಕ್ಕೆ ಜಾರಿತು. ನಿಂತಾಗ ಹಿಂದಿನ ಒಂದು ಚಕ್ರ ರಸ್ತೆ ಬಿಟ್ಟು ಮಣ್ಣಿನ ಅಂಚಿನಲ್ಲಿತ್ತು, ಅದರ ಪಕ್ಕದಲ್ಲಿ ಚರಂಡಿ. ಎಮ್ಮೆ ನಮ್ಮನ್ನು ನೋಡಿ ಮುಂದೆ ಹೋಯಿತು. ಚಿಕ್ಕಪ್ಪ ಕನ್ನಡಕ ತೆಗೆದು ಒರೆಸಿದರು. ಎರಡು ನಿಮಿಷ ಯಾರೂ ಮಾತಾಡಲಿಲ್ಲ. ಅವರ ಕೈ ನಡುಗುತ್ತಿತ್ತು, ನನ್ನದೂ.

ಆಮೇಲೆ ಅವರೇ ಹೇಳಿದರು: ‘ಎಂಜಿನ್ ತಪ್ಪಿಲ್ಲ ಕಣಪ್ಪಾ. ಬಲಗಾರ ಎತ್ತು ಒಳ್ಳೆಯದೇ. ನೊಗ ಯಾರದ್ದು ನೋಡಿದೆಯಾ?’

ನಾನು ನೋಡಿರಲಿಲ್ಲ. ಹೆರಾಲ್ಡಿನ ಹಿಂದಿನ ಚಕ್ರಗಳು ಒಂದೇ ಗಟ್ಟಿ ಆಕ್ಸಲಿಗೆ ಸೇರಿಲ್ಲ. ಮಧ್ಯದ ಡಿಫರೆನ್ಷಿಯಲಿನಿಂದ ಎರಡು ಅರ್ಧ ಆಕ್ಸಲುಗಳು ಹಕ್ಕಿಯ ರೆಕ್ಕೆಗಳಂತೆ ಎರಡು ಕಡೆಗೆ ಚಾಚಿಕೊಂಡಿವೆ. ಹಳ್ಳದ ರಸ್ತೆಯಲ್ಲಿ ಇದು ಸುಖ. ಆದರೆ ತಿರುವಿನಲ್ಲಿ ವೇಗವಾಗಿ ಹೋಗುತ್ತಾ ಥಟ್ಟನೆ ಕಾಲು ತೆಗೆದರೆ ಭಾರ ಮುಂದಕ್ಕೆ ವಾಲುತ್ತದೆ, ಹಿಂಭಾಗ ಏಳುತ್ತದೆ, ರೆಕ್ಕೆ ಮಡಚಿದಂತೆ ಹೊರಗಡೆಯ ಚಕ್ರ ಒಳಕ್ಕೆ ಮಡಚಿಕೊಳ್ಳುತ್ತದೆ. ಟೈರಿನ ಅಂಚು ಮಾತ್ರ ನೆಲ ಮುಟ್ಟುತ್ತದೆ, ಹಿಡಿತ ತಪ್ಪುತ್ತದೆ. ಟ್ರಯಂಫ್ ಕಂಪನಿಗೂ ಇದು ಗೊತ್ತಿತ್ತು; 1970ರ ಸ್ಪಿಟ್‌ಫೈರ್ ಮಾರ್ಕ್ 4ರಲ್ಲಿ ಹಿಂದಿನ ಪಟ್ಟಿ ಸ್ಪ್ರಿಂಗಿನ ಜೋಡಣೆಯನ್ನು ಬದಲಿಸಿ ಈ ದೋಷವನ್ನು ಬಹುಮಟ್ಟಿಗೆ ಕಡಿಮೆ ಮಾಡಿದರು. ನಮ್ಮ ಮುಂದಿದ್ದ ಗಾಡಿ ಅದಕ್ಕಿಂತ ಹಳೆಯದು. 35 ಅಶ್ವಶಕ್ತಿಯ ಮೂಲ ಎಂಜಿನ್ ಇದ್ದಿದ್ದರೆ ಅದೇ ತಿರುವಿಗೆ ಬರುವಷ್ಟರಲ್ಲಿ ನಮ್ಮ ವೇಗ 50 ಇರುತ್ತಿತ್ತೇನೋ. 50ಕ್ಕೂ 70ಕ್ಕೂ ವ್ಯತ್ಯಾಸ ಬರೀ ಇಪ್ಪತ್ತು ಎನಿಸುತ್ತದೆ. ಆದರೆ ಚಲನಶಕ್ತಿ ಹೆಚ್ಚುವುದು ವೇಗದ ವರ್ಗಕ್ಕೆ ಅನುಗುಣವಾಗಿ. 50ರ ವರ್ಗ 2500, 70ರ ವರ್ಗ 4900. ಹತ್ತಿರ ಹತ್ತಿರ ಎರಡರಷ್ಟು. ಅಷ್ಟನ್ನೂ ಶಾಖವಾಗಿ ಕರಗಿಸಬೇಕಾದದ್ದು ಅರವತ್ತು ವರ್ಷದ ಹಿಂದಿನ ಡ್ರಮ್ ಬ್ರೇಕುಗಳು. ಇದು ಪಿಯುಸಿಯ ಪಾಠ. ಡಿಗ್ರಿ ಮಾಡಿದವನು ಅದನ್ನು ಎಮ್ಮೆಯಿಂದ ಕಲಿಯಬೇಕಾಯಿತು.

ಎಂಜಿನ್ ಬದಲಿಸುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಬ್ರೇಕು, ಆಕ್ಸಲು, ಸ್ಪ್ರಿಂಗು, ರೇಡಿಯೇಟರು ಎಲ್ಲವನ್ನೂ ಅದರ ಜೊತೆಗೇ ಬದಲಿಸಿದವರ ಗಾಡಿ ಬೇರೆ ಮಾತು. ಆದರೆ ಹಾಗೆ ಪೂರ್ತಿ ಮಾಡಿಸಿದ ಗಾಡಿಗಳನ್ನು ನಾನು ನೋಡಿದ್ದು ತೀರ ಕಡಿಮೆ. ಎಂಜಿನ್ನಿಗೆ ಹಣ ಸುರಿದು ಮುಗಿದ ಮೇಲೆ ಬ್ರೇಕಿನ ಸರದಿ ಬರುವ ಹೊತ್ತಿಗೆ ಮಾಲೀಕರಿಗೆ ಗಾಡಿ ಮಾರುವ ಮನಸ್ಸಾಗಿರುತ್ತದೆ.

ಎಂಜಿನ್ನೂ ಗಾಡಿಯೂ ಹೊಂದದಿದ್ದರೆ ಏನಾಗುತ್ತದೆ ಎಂಬುದಕ್ಕೆ ತದ್ವಿರುದ್ಧ ದಿಕ್ಕಿನ ಉದಾಹರಣೆಯೂ ಅದೇ ಮದರಾಸಿನ ಕಂಪನಿಯಿಂದ ಸಿಗುತ್ತದೆ. 1985ರಲ್ಲಿ ಅವರು ಸ್ಟ್ಯಾಂಡರ್ಡ್ 2000 ಎಂಬ ದುಬಾರಿ ಕಾರು ತಂದರು. ಬಾಡಿ ಇಂಗ್ಲೆಂಡಿನ ರೋವರ್ ಕಾರಿನದು, ಆ ಕಾಲಕ್ಕೆ ಕಣ್ಣು ಕುಕ್ಕುವಂಥ ಆಕಾರ. ಒಳಗಿದ್ದದ್ದು ಮಾತ್ರ ಹಳೆಯ ವ್ಯಾನ್‌ಗಾರ್ಡ್ ಕಾಲದ ಎರಡು ಲೀಟರ್ ಎಂಜಿನ್. ಕೊಂಡವರು ರೋವರ್ ಎಂದು ಕೊಂಡರು, ಓಡಿಸಿದಾಗ ವ್ಯಾನ್ ಎಂದು ತಿಳಿಯಿತು. ಮೂರೇ ವರ್ಷದಲ್ಲಿ, 1988ರಲ್ಲಿ, ಅದರ ತಯಾರಿಕೆ ನಿಂತುಹೋಯಿತು.

ಇನ್ನು ಕಾಗದಪತ್ರದ ಮಾತು. ಕೆಂಪು ಗಾಡಿಯ ಆರ್‌ಸಿ ಪುಸ್ತಕವನ್ನು ಚಿಕ್ಕಪ್ಪ ಆ ದಿನ ಸಂಜೆ ಭೂತಗನ್ನಡಿ ಹಿಡಿದು ಓದಿದರು. ಅದರಲ್ಲಿದ್ದದ್ದು ಹಳೆಯ ಹೆರಾಲ್ಡ್ ಎಂಜಿನ್ನಿನ ಸಂಖ್ಯೆ. ಜಿಪ್ಸಿ ಎಂಜಿನ್ ಎಲ್ಲೂ ನಮೂದಾಗಿರಲಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ ಗಾಡಿಯ ಮೂಲ ವಿವರಗಳನ್ನು ಮನಸ್ಸಿಗೆ ಬಂದಂತೆ ಬದಲಿಸುವಂತಿಲ್ಲ. ಎಂಜಿನ್ ಬದಲಾದರೆ ಆರ್.ಟಿ.ಒ. ಕಚೇರಿಯ ಒಪ್ಪಿಗೆಯೂ ಪುಸ್ತಕದಲ್ಲಿ ದಾಖಲೆಯೂ ಬೇಕು. ‘ಯಾರು ಸಾರ್ ಬಾನೆಟ್ ಎತ್ತಿ ನೋಡ್ತಾರೆ?’ ಎಂದು ಮಾಲೀಕರು ಕೇಳಿದರು. ಅಪಘಾತವಾದ ದಿನ ವಿಮೆಯವರು ನೋಡುತ್ತಾರೆ. ಇದಲ್ಲದೆ 2021ರ ಜುಲೈ ತಿಂಗಳಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆಂದೇ ಪ್ರತ್ಯೇಕ ನೋಂದಣಿ ನಿಯಮ ಮಾಡಿತು. 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಬದಲಾವಣೆಯಾಗದ ಗಾಡಿಗೆ ‘ವಿಎ’ ಅಕ್ಷರಗಳುಳ್ಳ ಫಲಕ, ಹತ್ತು ವರ್ಷದ ಮಾನ್ಯತೆ. ಎಂಜಿನ್ ಬದಲಾದ ಗಾಡಿಗೆ ಆ ಬಾಗಿಲು ಮುಚ್ಚಿದಂತೆಯೇ. ನಮಗೆ ಆ ಫಲಕ ಬೇಕಿರಲಿಲ್ಲ, ಏಕೆಂದರೆ ಅದನ್ನು ಹಾಕಿಕೊಂಡ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ರಿಪೇರಿ ಇಂಥವಕ್ಕೆ ಬಿಟ್ಟು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಚಿಕ್ಕಪ್ಪನಿಗೆ ಹಾಲು ತರಲೂ ಕಾರಿನಲ್ಲೇ ಹೋಗಬೇಕು. ತೆರೆದ ಹೆರಾಲ್ಡ್ ಕೊಳ್ಳುವವರು ಛಾವಣಿ ತೆಗೆದದ್ದೂ ಪುಸ್ತಕದಲ್ಲಿ ದಾಖಲಾಗಿದೆಯೇ ಎಂದು ನೋಡುವುದು ಲೇಸು. ರಾಜಾನುಕುಂಟೆಯ ಗಾಡಿಯಲ್ಲಿ ಅದು ದಾಖಲಾಗಿತ್ತು.

ಹಾಗಾದರೆ ಹೊಗೆಯುಗುಳುವ ಗಾಡಿಯನ್ನು ಕಣ್ಣುಮುಚ್ಚಿ ಕೊಳ್ಳುವುದೇ? ಅಲ್ಲ. ಇಲ್ಲಿಂದ ಮುಂದೆ ನಾನು ಶಿಷ್ಯ, ಚಿಕ್ಕಪ್ಪ ಗುರು.

ಅವರು ಮಾಡಿದ ಮೊದಲ ಪರೀಕ್ಷೆಗೆ ಎಂಜಿನ್ ಸ್ಟಾರ್ಟ್ ಮಾಡುವುದೂ ಬೇಕಿರಲಿಲ್ಲ. ಬಾನೆಟ್ ಎತ್ತಿ, ಎಂಜಿನ್ನಿನ ಮುಂದಿರುವ ಪುಲ್ಲಿಗೆ ಡಯಲ್ ಗೇಜ್ ತಾಗಿಸಿ, ನನಗೆ ಕ್ಲಚ್ ಒತ್ತಲು ಹೇಳಿದರು. ಈ ವಂಶದ ಎಂಜಿನ್‌ಗಳಲ್ಲಿ ಕ್ರ್ಯಾಂಕ್ ಶಾಫ್ಟು ಹಿಂದೆ ಮುಂದೆ ಸರಿಯದಂತೆ ತಡೆಯುವುದು ಅರ್ಧಚಂದ್ರಾಕಾರದ ಎರಡು ತೆಳು ವಾಷರುಗಳು. ಅವು ಸವೆದರೆ ಕ್ಲಚ್ ಒತ್ತಿದಾಗ ಪುಲ್ಲಿ ಮುಂದಕ್ಕೆ ಬರುತ್ತದೆ. 0.1ರಿಂದ 0.2 ಮಿಲಿಮೀಟರ್ ಸರಿದರೆ ಸರಿ. ಕಣ್ಣಿಗೆ ಕಾಣುವಷ್ಟು ಸರಿದರೆ ವಾಷರು ಸವೆದು ಕೆಳಗೆ ಬೀಳುವ ಸ್ಥಿತಿಯಲ್ಲಿದೆ ಎಂದು ತಿಳಿಯಬೇಕು. ಬಿದ್ದರೆ ಕ್ರ್ಯಾಂಕು ಬ್ಲಾಕನ್ನೇ ತಿನ್ನುತ್ತದೆ, ಆಮೇಲೆ ಆ ಎಂಜಿನ್ ಗುಜರಿಗೇ ಲಾಯಕ್ಕು. ಡಯಲ್ ಗೇಜ್ ಇಲ್ಲದವರು ಒಬ್ಬರನ್ನು ಕ್ಲಚ್ ಒತ್ತಲು ಕೂರಿಸಿ ತಾವು ಪುಲ್ಲಿಯನ್ನು ದಿಟ್ಟಿಸಿ ನೋಡಿದರೂ ಸಾಕು. ನಮ್ಮ ಮುಳ್ಳು 0.15 ತೋರಿಸಿತು. ಚಿಕ್ಕಪ್ಪನ ಮುಖದಲ್ಲಿ ಎರಡು ದಿನದ ಮೇಲೆ ಬೆಳಕು ಕಂಡೆ.

ಎರಡನೆಯದು ಕಂಪ್ರೆಷನ್. ಪ್ಲಗ್ ಬಿಚ್ಚಿ, ಆ ತೂತಿಗೆ ಗೇಜ್ ಒತ್ತಿ ಹಿಡಿದು, ಸ್ಟಾರ್ಟರ್ ತಿರುಗಿಸಬೇಕು. ನಾಲ್ಕು ಸಿಲಿಂಡರುಗಳ ನಡುವೆ ಶೇಕಡಾ 10ಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ನಮ್ಮದರಲ್ಲಿ ಮೂರು ಸಿಲಿಂಡರುಗಳು 115ರಿಂದ 120 ಪೌಂಡ್ ಕೊಟ್ಟವು. ಮೂರನೆಯ ಸಿಲಿಂಡರು ಮಾತ್ರ 85ಕ್ಕೆ ನಿಂತಿತು. ಅದರೊಳಗೆ ಒಂದು ಚಮಚ ಎಂಜಿನ್ ಆಯಿಲ್ ಹಾಕಿ ಮತ್ತೆ ನೋಡಿದಾಗ 110ಕ್ಕೆ ಏರಿತು. ಎಣ್ಣೆ ಹಾಕಿದಾಗ ಒತ್ತಡ ಏರಿದರೆ ರಿಂಗು ಅಥವಾ ಬೋರು ಸವೆದಿದೆ ಎಂದರ್ಥ. ಏರದಿದ್ದರೆ ವಾಲ್ವಿನ ಕಡೆ ಸೋರುತ್ತಿದೆ ಎಂದರ್ಥ. ನೀಲಿ ಹೊಗೆಯ ಗುಟ್ಟು ಬಯಲಾಯಿತು. ‘ಇದು ಕೆಟ್ಟ ಎಂಜಿನ್ ಅಲ್ಲ, ಮುದಿ ಎಂಜಿನ್. ನನ್ನ ಹಾಗೆ’ ಎಂದರು ಚಿಕ್ಕಪ್ಪ.

ನಾನು ಇನ್ನೊಂದು ಅನುಮಾನ ಎತ್ತಿದೆ. ರಿಪೇರಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ನಿಮಗೆ 72, ಕೆಂಪು ಗಾಡಿಯಾದರೆ ಹುಷಾರಾಗಿ ಓಡಿಸಿಕೊಂಡು ನಾಳೆಯೇ ಸಂತೋಷಪಡಬಹುದಲ್ಲ? ಅವರು ಉತ್ತರ ಕೊಡಲಿಲ್ಲ, ಸ್ಪ್ಯಾನರುಗಳನ್ನು ಒರೆಸಿ ಚೀಲಕ್ಕೆ ಹಾಕಿದರು. ಕೆಲಸವೇ ಅವರಿಗೆ ಸಂತೋಷ ಎಂಬುದು ನನಗೆ ಹೊಳೆಯಲು ಇನ್ನೂ ಕೆಲವು ತಿಂಗಳು ಬೇಕಾದವು. ಕೆಲಸದಲ್ಲಿ ಆಸಕ್ತಿ ಇಲ್ಲದವರಿಗೆ ಈ ಸಲಹೆ ಒಪ್ಪುವುದಿಲ್ಲ ಎಂದು ಇಲ್ಲೇ ಹೇಳಿಬಿಡುತ್ತೇನೆ. ಅಂಥವರು ಯಾರೋ ಈಗಾಗಲೇ ಸರಿಮಾಡಿಸಿದ, ಮೂಲ ಎಂಜಿನ್ನಿನ ಗಾಡಿಯನ್ನೇ ಹೆಚ್ಚು ಕೊಟ್ಟು ಕೊಳ್ಳುವುದು ಮೇಲು.

ಇದೇ ತಿಂಗಳಲ್ಲಿ ಒಂದು ರಾತ್ರಿ ಇಂಗ್ಲೆಂಡಿನಿಂದ ನನ್ನ ಅಕ್ಕನ ಮಗ ಫೋನು ಮಾಡಿದ. ಅವನಿರುವುದು ಕೊವೆಂಟ್ರಿಯಲ್ಲಿ, ಅಂದರೆ ಈ ಕಾರುಗಳ ತವರಿನಲ್ಲಿ. ‘ಮಾವ, ನಾನೊಂದು ಸ್ಪಿಟ್‌ಫೈರ್ ತಗೋಬೇಕು ಅಂತಿದ್ದೀನಿ. 1296 ಸಿಸಿ ತಗೊಳ್ಳಲೋ, 1500 ತಗೊಳ್ಳಲೋ?’ ಆಗ ನಾನು ಪುಸ್ತಕ ತೆರೆದು ನೋಡಿದೆ. ಚಿಕ್ಕಪ್ಪನ ಹೆರಾಲ್ಡಿನ ಎಂಜಿನ್ನೂ ಅವನು ಕೇಳುತ್ತಿದ್ದ ಎರಡೂ ಎಂಜಿನ್‌ಗಳೂ ಒಂದೇ ವಂಶದವು! ಮೂಲಪುರುಷ 1953ರ ಸ್ಟ್ಯಾಂಡರ್ಡ್ 8 ಕಾರಿನ 803 ಸಿಸಿ ಎಂಜಿನ್. ಅದರ ಸಿಲಿಂಡರಿನ ಅಗಲ 58 ಮಿಲಿಮೀಟರ್. ಪಿಸ್ಟನ್ ಮೇಲೆ ಕೆಳಗೆ ಓಡಾಡುವ ದೂರ, ಅಂದರೆ ಸ್ಟ್ರೋಕು, 76 ಮಿಲಿಮೀಟರ್. ಅಗಲವನ್ನು 63ಕ್ಕೆ ಹಿಗ್ಗಿಸಿದರು, 948 ಸಿಸಿ ಆಯಿತು. 69.3 ಮಾಡಿದರು, 1147 ಆಯಿತು. 73.7 ಮಾಡಿದರು, 1296 ಆಯಿತು. ಅಷ್ಟರವರೆಗೂ ಸ್ಟ್ರೋಕು ಅದೇ 76. ಇನ್ನು ಅಗಲ ಮಾಡಲು ಸಿಲಿಂಡರುಗಳ ನಡುವೆ ಗೋಡೆ ಉಳಿದಿರಲಿಲ್ಲ. ಆಗ ಸ್ಟ್ರೋಕನ್ನು 87.5ಕ್ಕೆ ಉದ್ದ ಮಾಡಿ 1493 ಸಿಸಿ ಹೊರಡಿಸಿದರು. ಅದೇ 1500. ಆದರೆ ಕ್ರ್ಯಾಂಕ್ ಶಾಫ್ಟಿಗೆ ಆಸರೆಯಾಗಿದ್ದ ಮುಖ್ಯ ಬೇರಿಂಗುಗಳು ಮೊದಲಿದ್ದಂತೆ ಮೂರೇ ಉಳಿದವು.

ಇಲ್ಲಿ ನನ್ನ ಬಿಎಸ್ಸಿ ಸ್ವಲ್ಪ ಕೆಲಸಕ್ಕೆ ಬಂತು. ನಿಮಿಷಕ್ಕೆ 5000 ಸುತ್ತು ತಿರುಗುವಾಗ 76 ಮಿಲಿಮೀಟರ್ ಸ್ಟ್ರೋಕಿನ ಪಿಸ್ಟನ್ನು ಸರಾಸರಿ ಸೆಕೆಂಡಿಗೆ 12.7 ಮೀಟರ್ ಓಡುತ್ತದೆ, 87.5 ಇದ್ದರೆ 14.6 ಮೀಟರ್. ಪಿಸ್ಟನ್ನು ತುದಿ ಮುಟ್ಟಿ ಹಿಂತಿರುಗುವಾಗ ಬೇರಿಂಗಿನ ಮೇಲೆ ಬೀಳುವ ಎಳೆತವೂ ಪಿಸ್ಟನ್ನಿನ ತೂಕ ಒಂದೇ ಎಂದಿಟ್ಟುಕೊಂಡರೆ ಶೇಕಡಾ 15ರಷ್ಟು ಹೆಚ್ಚು. ಆಸರೆ ಮೂರೇ, ಹೊರೆ ಹೆಚ್ಚು. ಆದ್ದರಿಂದ 1500 ಎಂಜಿನ್ ಕೆಳವೇಗದಲ್ಲಿ ಚೆನ್ನಾಗಿ ಎಳೆಯುತ್ತದೆ, ಆದರೆ ಅದನ್ನು ಕಿರುಚಿಸಿ ಓಡಿಸಿದರೆ ಬೇರಿಂಗು ಬೇಗ ಸೋಲುತ್ತದೆ. 1296 ಸಲೀಸಾಗಿ ತಿರುಗುವ ಎಂಜಿನ್. ನಾನು 1296 ಎಂದೆ. ಎರಡರಲ್ಲಿ ಯಾವುದಾದರೂ ಸರಿ, ಮೊದಲು ಕ್ಲಚ್ ಒತ್ತಿಸಿ ಪುಲ್ಲಿ ನೋಡು ಎಂದೆ. ತಣ್ಣಗಿರುವಾಗ ಸ್ಟಾರ್ಟ್ ಮಾಡಿಸಿ ತಳದಿಂದ ಬಡಿತದ ಸದ್ದು ಬರುತ್ತದೆಯೇ ಕೇಳು ಎಂದೆ. ಅವನು ಎಲ್ಲವನ್ನೂ ಬರೆದುಕೊಂಡು, ಮೂರು ಗಾಡಿಗಳ ಪುಲ್ಲಿ ಪರೀಕ್ಷಿಸಿ, ಎರಡನ್ನು ಬಿಟ್ಟು, ಕೊನೆಗೆ ಕೊಂಡದ್ದು 1500! ಓವರ್‌ಡ್ರೈವ್ ಗೇರ್ ಇದೆ, ಹೆದ್ದಾರಿಯಲ್ಲಿ ಎಂಜಿನ್ ನಿಧಾನವಾಗಿ ತಿರುಗುತ್ತದೆ, ಹೆಂಡತಿಗೂ ಸದ್ದು ಆಗಿಬರುವುದಿಲ್ಲ ಎಂದ. ಅವನ ದಾರಿಗೆ ಅದೇ ಸರಿಯಿರಬಹುದು. ಹೆಸರಘಟ್ಟದಲ್ಲಿ ಕುಳಿತು ಕೊವೆಂಟ್ರಿಯ ಎಂಜಿನ್ ಆರಿಸುವುದಕ್ಕೂ ಒಂದು ಮಿತಿಯಿದೆ.

ಚಿಕ್ಕಪ್ಪ ರಾಜಾನುಕುಂಟೆಯ ಗಾಡಿಯನ್ನು ಎರಡೂವರೆ ಲಕ್ಷಕ್ಕೆ ಇಳಿಸಿ ಕೊಂಡರು. ಎಂಜಿನ್ ಬಿಚ್ಚಿ ಮೇಜಿನ ಮೇಲೆ ಹರಡಿದ ವಾರವೇ ಚಿಕ್ಕಮ್ಮನ ಮೊದಲ ಮೊಣಕಾಲಿನ ಆಪರೇಷನ್ನೂ ಆಯಿತು. ‘ಅದಕ್ಕೆ ಬೋರಿಂಗು, ನನಗೆ ಬೇರಿಂಗು’ ಎಂದು ಅವರು ಆಸ್ಪತ್ರೆಯ ಹಾಸಿಗೆಯಿಂದಲೇ ನಗೆಯಾಡಿದರು. ಪೀಣ್ಯದ ವರ್ಕ್‌ಶಾಪೊಂದರಲ್ಲಿ ಸಿಲಿಂಡರುಗಳಿಗೆ ರೀಬೋರಿಂಗ್ ಮಾಡಿಸಿದೆವು. ಅದಕ್ಕೆ ಸರಿಹೊಂದುವ ದೊಡ್ಡ ಅಳತೆಯ ಪಿಸ್ಟನ್ನಿಗಾಗಿ ಜೆ.ಸಿ. ರಸ್ತೆ, ಶಿವಾಜಿನಗರ ಎಲ್ಲ ಸುತ್ತಿ ನಾಲ್ಕು ತಿಂಗಳು ಕಳೆಯಿತು. ಬಾಕಿ ಬುಷ್ಷು, ಬೋಲ್ಟುಗಳನ್ನು ಚಿಕ್ಕಪ್ಪ ತಮ್ಮ ಲೇತಿನಲ್ಲೇ ಕಡೆದರು. ಒಟ್ಟು ಖರ್ಚು ಒಂದು ಲಕ್ಷದ ಆಸುಪಾಸು.

ಹಳೆಯ ಎಂಜಿನ್ ಕೊಳ್ಳುವವರು ಪೆಟ್ರೋಲಿನ ಬಗ್ಗೆ ಎರಡು ಸಂಗತಿ ತಿಳಿದಿರಬೇಕು. ಹೆರಾಲ್ಡ್ ಹುಟ್ಟಿದಾಗ ಪೆಟ್ರೋಲಿನಲ್ಲಿ ಸೀಸ ಇರುತ್ತಿತ್ತು. ಅದು ಎಕ್ಸಾಸ್ಟ್ ವಾಲ್ವು ಕೂರುವ ಜಾಗಕ್ಕೆ ತೆಳುವಾದ ಲೇಪದಂತೆ ರಕ್ಷಣೆ ಕೊಡುತ್ತಿತ್ತು. 2000ದ ಫೆಬ್ರವರಿಯಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲೇ. ಆದ್ದರಿಂದ ಹೆಡ್ ಬಿಚ್ಚಿದಾಗ ಗಟ್ಟಿ ಲೋಹದ ವಾಲ್ವ್ ಸೀಟು ಹಾಕಿಸಿಬಿಡಬೇಕು. ಎರಡನೆಯದು, ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ಅದು ಹಳೆಯ ರಬ್ಬರ್ ಪೈಪುಗಳನ್ನು ಕರಗಿಸಿ ಮೆತ್ತಗೆ ಮಾಡುತ್ತದೆ, ಗಾಳಿಯ ತೇವ ಹೀರುತ್ತದೆ, ವಾರಗಟ್ಟಲೆ ನಿಂತ ಗಾಡಿಯ ಟ್ಯಾಂಕಿಗೆ ತುಕ್ಕು ಹಿಡಿಸುತ್ತದೆ. ಪೈಪುಗಳನ್ನೆಲ್ಲ ಎಥನಾಲ್ ತಡೆಯುವಂಥವಕ್ಕೆ ಬದಲಿಸಿದೆವು. ಎಥನಾಲ್ ಉರಿಯಲು ಕಡಿಮೆ ಗಾಳಿ ಸಾಕು, ಹಾಗಾಗಿ ಹಳೆಯ ಕಾರ್ಬೊರೇಟರಿನಲ್ಲಿ ಮಿಶ್ರಣ ಸುಮಾರು ಶೇಕಡಾ 8ರಷ್ಟು ತೆಳುವಾಗುತ್ತದೆ. ಆದರೆ ನಮ್ಮ 900 ಮೀಟರ್ ಎತ್ತರದ ತೆಳು ಗಾಳಿಯಲ್ಲಿ ಅದೇ ಕಾರ್ಬೊರೇಟರು ಮಿಶ್ರಣವನ್ನು ಶೇಕಡಾ 4ರಷ್ಟು ದಪ್ಪ ಮಾಡುತ್ತದೆ. ಅರ್ಧ ತೊಂದರೆಯನ್ನು ಹೆಸರಘಟ್ಟವೇ ಪರಿಹರಿಸಿತು, ಇನ್ನರ್ಧಕ್ಕೆ ಜೆಟ್ಟನ್ನು ಒಂದು ಅಳತೆ ಹೆಚ್ಚಿಸಿದೆವು. ಈ ಲೆಕ್ಕವನ್ನು ನಾನು ಕಾಗದದ ಮೇಲೆ ತೋರಿಸಿದಾಗ ಚಿಕ್ಕಪ್ಪ ತಲೆಯಾಡಿಸಿ, ಪ್ಲಗ್ ಬಿಚ್ಚಿ ಅದರ ಬಣ್ಣ ನೋಡಿ, ‘ಸರಿಯಾಗಿದೆ’ ಎಂದರು. ಅವರು ಒಪ್ಪಿದ್ದು ಪ್ಲಗ್ಗಿನ ಮಾತನ್ನು.

ಕಳೆದ ಭಾನುವಾರ ಶಿವಕೋಟೆಯ ಅದೇ ತಿರುವಿನಲ್ಲಿ ಅವರೊಡನೆ ಹೋಗಿದ್ದೆ. ಹಿಂದಿನ ಸೀಟಿನಲ್ಲಿ ಚಿಕ್ಕಮ್ಮ, ತಲೆಗೆ ಸೆರಗು ಕಟ್ಟಿಕೊಂಡು. ಹೊಸ ರಿಂಗುಗಳು ಹೊಂದಿಕೊಳ್ಳುವವರೆಗೆ ಗಂಟೆಗೆ 50 ಮೀರಬಾರದೆಂದು ಚಿಕ್ಕಪ್ಪ ಮೀಟರಿನ ಗಾಜಿಗೆ ಕೆಂಪು ದಾರ ಅಂಟಿಸಿದ್ದಾರೆ. ಹಿಂದಿನಿಂದ ಹಾರ್ನ್ ಮಾಡಿದ ಆಟೋಗಳಿಗೆಲ್ಲ ಕೈ ಬೀಸಿ ದಾರಿ ಬಿಟ್ಟರು. 800 ಕಿಲೋಮೀಟರು ಮುಗಿದ ಮೇಲೆ ನಂದಿಬೆಟ್ಟ ಎಂದಿದ್ದಾರೆ. ಇನ್ನೂ 210 ಬಾಕಿ ಇದೆ.

ಗಾಜಿನ ಆಚೆಯಿಂದ ಬೆರಳು ತೋರಿಸುತ್ತಿದ್ದಾರೆ.